ಅತ್ತೆ ತೋಟೆ ಆರಿಸಿದ ಬೇಸಿಗೆ

ಮಾವನವರು ತೀರಿಕೊಂಡ ಮೇಲೆ ಗದ್ದೆ ನನ್ನ ಗಂಡನ ಹೆಸರಿಗೆ ಬಂತು, ಗ್ಯಾಸಿನ ಸಿಲಿಂಡರು ನನ್ನ ಹೆಸರಿಗೆ ಬಂತು, ಜೋಡಿನಳಿಗೆಯ ಬಂದೂಕು ಅತ್ತೆಯ ಹೆಸರಿಗೆ ಹೋಯಿತು. ಮೊದಲೆರಡರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಮೂರನೆಯದರ ಸುದ್ದಿ ಮಾತ್ರ ನಮ್ಮ ಅಗಸೂರಿನಿಂದ ಅಂಕೋಲೆಯ ಮೀನುಪೇಟೆಯವರೆಗೆ ಓಡಾಡಿತು.

ಲೆಕ್ಕಕ್ಕೆ ಅದು ನನ್ನ ಗಂಡನಿಗೆ ಬರಬೇಕಿತ್ತು. ಒಬ್ಬನೇ ಮಗ, ಅಂಕೋಲೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕರು, ಊರಲ್ಲಿ ಮರ್ಯಾದೆ ಇದ್ದವರು. ಆದರೆ ಕೋಳಿ ಕೊಯ್ಯುವ ದಿನ ಅವರು ಹಿತ್ತಲ ಬಾಗಿಲಿನ ಕಡೆ ಸುಳಿಯುತ್ತಿರಲಿಲ್ಲ. ಸಾರು ಕುದಿಯುವ ಹೊತ್ತಿಗೆ ಬಂದು ಉಪ್ಪು ಸಾಕೋ ಎಂದು ರುಚಿ ನೋಡುತ್ತಿದ್ದರು. ಬಂದೂಕಿನ ಮಾತು ಬಂದಾಗ, "ನನಗೆ ಬೇಡ. ಠಾಣೆಗೆ ಒಪ್ಪಿಸಿಬಿಡುವಾ" ಎಂದರು.

ಬೇಲಿಯಾಚೆಯ ಮನೆಯ ದೊಡ್ಡ ಮಾವ ಆ ಮಾತನ್ನೇ ಕಾಯುತ್ತಿದ್ದರೆಂದು ಕಾಣುತ್ತದೆ. ಅವರು ನಮ್ಮ ಮಾವನವರ ದೊಡ್ಡಪ್ಪನ ಮಗ. ಭತ್ತ ಹಣ್ಣಾಗಿ ಗದ್ದೆಗೆ ಕಾಡುಹಂದಿ ಇಳಿಯುವ ಕಾಲದಲ್ಲಿ ಇಬ್ಬರೂ ಒಂದೇ ಮಾಳದ ಅಟ್ಟಣಿಗೆಯಲ್ಲಿ ಕೂತು ಕಾದವರು. ಬಂದೂಕು ಮಾವನವರದು, ಹೊಡೆಯುವುದು ಹೇಗೆಂಬ ಉಪದೇಶ ದೊಡ್ಡ ಮಾವನದು. "ಒಪ್ಪಿಸೂದು ಎಂತಕ್ಕೆ? ನಾ ಇಟ್ಕಳ್ತೆ" ಎಂದರು.

ಅತ್ತೆ ಒಲೆಯ ಮುಂದಿನಿಂದ ಏಳದೆಯೇ ಹೇಳಿದರು: "ಇಷ್ಟು ವರ್ಷ ಅದಕ್ಕೆ ಎಣ್ಣೆ ಹಾಕಿ ಒರೆಸಿದ್ದು ಯಾರು? ನಾನು. ನನ್ನ ಹೆಸರಿಗೇ ಮಾಡಿ."

ನಾನು ಕಾರವಾರದ ಕಡೆಯವಳು, ದೇವಬಾಗದಲ್ಲಿ ಹುಟ್ಟಿದವಳು. ತವರಲ್ಲಿ ಕೊಂಕಣಿ, ಅಪ್ಪನದು ದೋಣಿ ಮತ್ತು ಬಲೆ. ಕಳ್ಳನಿಗೆ ಹೆದರಿ ಬಾಗಿಲು ಹಾಕುವ ರೂಢಿ ನಮ್ಮಲ್ಲಿ ಇರಲಿಲ್ಲ. ಕದಿಯಲು ಬಂದವನಿಗೆ ಹರಿದ ಬಲೆ ಸಿಕ್ಕಿದರೆ ಅದನ್ನು ಹೊಲಿಯುವ ಕಷ್ಟವೂ ಅವನಿಗೇ ಇರಲಿ ಎನ್ನುತ್ತಿದ್ದರು ಅಪ್ಪ. ಕಾಲೇಜಿನಲ್ಲಿ ಓದುವಾಗ ನಾವಿಬ್ಬರೇ ಗೊತ್ತುಮಾಡಿಕೊಂಡು ಆದ ಮದುವೆ ನಮ್ಮದು. ಹಾಗಾಗಿ ಬಂದೂಕು ತೂಗುಹಾಕಿದ ಗೋಡೆಯ ಕೆಳಗೆ ಕೂತು ಊಟ ಮಾಡುವುದನ್ನು ನಾನು ಈ ಮನೆಗೆ ಬಂದೇ ಕಲಿತದ್ದು.

ಅರ್ಜಿ ಹೋಯಿತು. ಸ್ವಭಾವ ವಿಚಾರಿಸಲು ಠಾಣೆಯಿಂದ ಒಬ್ಬ ಪೋಲೀಸಿನವನು ಬಂದ. ಎಳೆಯ ಹುಡುಗ, ಅತ್ತೆಯನ್ನು ನೋಡಿ ನಗು ತಡೆದುಕೊಂಡದ್ದು ನಮಗೆಲ್ಲ ಕಂಡಿತು. "ಅಮ್ಮಾ, ನಿಮಗೆ ಇದು ಹಿಡಿಯೂಕೆ ಬರ್ತದಾ?" ಎಂದು ಕೇಳಿದ. ಹೊಸ ಲೈಸೆನ್ಸು ಆಗುವವರೆಗೆ ಬಂದೂಕನ್ನು ಠಾಣೆಯಲ್ಲೇ ಬೀಗ ಹಾಕಿ ಇಟ್ಟಿದ್ದರು. ಅತ್ತೆ ಒನಕೆಯನ್ನು ಎತ್ತಿ ಹೆಗಲಿಗೆ ಆನಿಸಿ, ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ಅವನ ಕಡೆ ತಿರುಗಿ ನಿಂತರು. "ನಿನ್ನ ಅಂಗಿಯ ಮೂರನೇ ಗುಂಡಿ ಕಿತ್ತು ಹೋಗ್ಯದೆ" ಎಂದರು. ಅವನು ಕೆಳಗೆ ನೋಡಿಕೊಂಡ. ವರದಿ ಒಳ್ಳೆಯದೇ ಹೋಗಿರಬೇಕು. ಮರುವರ್ಷ ಮಾಗಿಯ ಹೊತ್ತಿಗೆ ಬಂದೂಕು ಗೋಡೆಗೂ ಲೈಸೆನ್ಸು ಅತ್ತೆಯ ಕೈಗೂ ಬಂತು.

ಅದರಲ್ಲಿ ಅತ್ತೆಯ ಫೋಟೋ ಇತ್ತು. ಅದಕ್ಕೆ ಮೊದಲು ಅವರು ಫೋಟೋದಲ್ಲಿ ಬಿದ್ದದ್ದು ಮದುವೆಮನೆಗಳ ಗುಂಪಿನಲ್ಲಿ, ಯಾರದೋ ಭುಜದ ಹಿಂದೆ. ಇದರಲ್ಲಿ ಅವರು ಒಬ್ಬರೇ. ಬಹಳ ಹೊತ್ತು ನೋಡಿ, "ಮೂಗು ಇಷ್ಟು ದಪ್ಪ ಇಲ್ಲ ನನ್ನದು" ಎಂದು ಪ್ಲಾಸ್ಟಿಕ್ಕಿನ ಚೀಲಕ್ಕೆ ಹಾಕಿ ಸೀರೆಗಳ ಕೆಳಗೆ ಇಟ್ಟರು.

ಆ ಬೇಸಿಗೆಯೇ ಕಳ್ಳರ ಸುದ್ದಿ ಶುರುವಾದದ್ದು. ಮೊಬೈಲು ಆಗಷ್ಟೇ ನಮ್ಮ ಕಡೆ ಬರುತ್ತಿದ್ದ ಕಾಲ. ಗೇರುಗುಡ್ಡದ ನೆತ್ತಿ ಹತ್ತಿದರೆ ಮಾತ್ರ ಸಿಗ್ನಲ್ಲು. ಸುದ್ದಿ ಹರಡಲು ಬಾಯಿಯೇ ಸಾಕಿತ್ತು. ಹೊಳೆಯಾಚೆ ಒಂದು ಮನೆಯಲ್ಲಿ ಒಣಗಿಸಿಟ್ಟ ಗೇರುಬೀಜದ ಚೀಲ ಹೋಯಿತು. ಮತ್ತೊಂದು ಕೇರಿಯಲ್ಲಿ ತಾಮ್ರದ ಹಂಡೆ ಹೋಯಿತು. ಅತ್ತೆ ಬಂದೂಕು ಇಳಿಸಿ, ಮಾವನವರ ಕಾಲದ ತೋಟೆಗಳ ಡಬ್ಬಿ ತೆಗೆದರು. ಹಳೆಯ ಕಾಗದದ ತೋಟೆಗಳು. ಎಷ್ಟೋ ಮಳೆಗಾಲದ ಥಂಡಿ ಕುಡಿದು ಉಬ್ಬಿದ್ದವು. ನಳಿಗೆಗೆ ತೂರಿಸಲು ನೋಡಿದರೆ ಒಂದೂ ಒಳಗೆ ಹೋಗಲಿಲ್ಲ.

"ಇದರಿಂದ ಕಳ್ಳನಿಗೆ ಬೀಸಿ ಹೊಡೀಬಹುದು, ಅಷ್ಟೇ" ಎಂದರು ಅತ್ತೆ. "ಹೊಸದು ತರಬೇಕು."

ಯಾವುದು ತರಬೇಕು ಎಂಬುದು ಆ ವಾರ ನಮ್ಮ ಮನೆಯ ಊಟದ ಮಾತಾಯಿತು. ದೊಡ್ಡ ಮಾವ ಊಟಕ್ಕೆ ಕರೆಯದಿದ್ದರೂ ಆ ಹೊತ್ತಿಗೆ ಸರಿಯಾಗಿ ಬೇಲಿ ದಾಟಿ ಬರುತ್ತಿದ್ದರು. ಅವರ ಪ್ರಕಾರ ಮನೆ ಕಾಯಲು ಎಲ್ಜಿ ಬಿಟ್ಟರೆ ಬೇರೆ ತೋಟೆ ಇಲ್ಲ. ಎಲ್ಜಿ ಎಂದರೆ ಬಟಾಣಿಗಿಂತ ದಪ್ಪದ ಸೀಸದ ಚರೆಗಳ ತೋಟೆ, ಹಂದಿಗೆ ಹೊಡೆಯುವುದು. "ಹಂದಿಯೇ ಮಲಗ್ತದೆ, ಕಳ್ಳ ಎಂತ ದೊಡ್ಡ?" ಎಂಬುದು ಅವರ ವಾದ.

ನನ್ನ ಗಂಡ ಪುಸ್ತಕದಿಂದ ತಲೆಯೆತ್ತಿ, "ಖಾಲಿ ಬಂದೂಕೇ ಸಾಕು. ಕಳ್ಳನಿಗೆ ಒಳಗೆ ಏನಿದೆ ಎಂದು ಗೊತ್ತಿರುವುದಿಲ್ಲ. ಅವನ ಅಂದಾಜಿನ ಮೇಲೆಯೇ ನಮ್ಮ ರಕ್ಷಣೆ ನಿಂತಿದೆ" ಎಂದರು. ತರಗತಿಯಲ್ಲಿ ಹೇಳುವ ದನಿ.

"ನಿಂಗೆ ಗೊತ್ತಿರ್ತದೆ ಅಲ್ದಾ?" ಎಂದರು ಅತ್ತೆ. "ನಿನ್ನ ಮುಖ ನೋಡಿದ್ರೆ ಅವನಿಗೂ ಗೊತ್ತಾಗ್ತದೆ."

ಅತ್ತೆಗೆ ಬೇಕಾದದ್ದು ಬೇರೆಯೇ ಇತ್ತು. "ಕಳ್ಳಗೆ ಜೀವ ಉಳೀಬೇಕು, ಬುದ್ಧಿನೂ ಬರಬೇಕು. ಅಂಥದ್ದು ಒಂದು ಇದ್ದೇ ಇರ್ತದೆ. ಅಂಗಡೀಲಿ ಕೇಳೂದು."

ಒಂದು ಬೆಳಗ್ಗೆ ನಾವಿಬ್ಬರೂ ಕಾರವಾರಕ್ಕೆ ಹೊರಟೆವು. ಅಂಕೋಲೆಯಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತ ಅತ್ತೆ, ಕಂಡಕ್ಟರನಿಗೆ ಕೇಳದಿದ್ದರೂ ಲೈಸೆನ್ಸು ತೋರಿಸಿದರು. ಅಮದಳ್ಳಿಯಲ್ಲಿ ಹತ್ತಿ ಪಕ್ಕ ಕೂತ ಹೆಂಗಸು "ಆಸ್ಪತ್ರೆಗಾ?" ಎಂದು ಕೇಳಿದಾಗ, "ಅಲ್ಲ, ತೋಟೆ ತಕಂಬೂಕೆ" ಎಂದರು. ಆಕೆ ತೋಟದ ವಿಷಯವೆಂದು ತಿಳಿದು ತೆಂಗಿನ ಸಸಿಗಳ ಬಗ್ಗೆ ಮಾತು ತೆಗೆದಳು. ಇವರೂ ತಿದ್ದಲಿಲ್ಲ. ಕಾರವಾರ ಬರುವವರೆಗೆ ಸಸಿಗೆ ಉಪ್ಪು ಹಾಕುವುದು ಒಳ್ಳೆಯದೋ ಬೂದಿಯೋ ಎಂದು ಇಬ್ಬರೂ ಚರ್ಚಿಸಿದರು.

ಅಂಗಡಿಯ ಮುಂಭಾಗದಲ್ಲಿ ಟಾರ್ಚು, ಬೀಗ, ಗಾಳದ ದಾರ. ತೋಟೆ ಇರುವುದು ಒಳಗಿನ ಕಬ್ಬಿಣದ ಕಪಾಟಿನಲ್ಲಿ. ನಡುವಯಸ್ಸಿನ ಅಂಗಡಿಯವರು ನನ್ನನ್ನು ನೋಡಿ ಕೊಂಕಣಿಯಲ್ಲಿ, "ಕಿತೇಂ ಜಾಯ್ ಬಾಯೆ?" ಎಂದರು. ಏನು ಬೇಕೆಂದು ನನ್ನನ್ನು ಕೇಳಿದ್ದು ಅತ್ತೆಗೆ ಹಿಡಿಸಲಿಲ್ಲ. ಲೈಸೆನ್ಸನ್ನು ಮೇಜಿನ ಮೇಲೆ ಇಟ್ಟು ತಮ್ಮ ಕಡೆಗೆ ಬೆರಳು ತೋರಿಸಿಕೊಂಡರು.

ಆಮೇಲೆ ನಡೆದ ವ್ಯಾಪಾರವನ್ನು ನಾನು ಮೊದಲೂ ನೋಡಿದ್ದೆ, ಮೀನುಪೇಟೆಯಲ್ಲಿ. ಅಂಗಡಿಯವರು ಒಂದೊಂದೇ ತೋಟೆ ಎತ್ತಿ ಸಾಲಾಗಿ ಇಟ್ಟರು. ಅತ್ತೆ ಪ್ರತಿಯೊಂದನ್ನೂ ಎತ್ತಿ ತೂಗಿ, ಹಿಂದಿನ ಹಿತ್ತಾಳೆಯನ್ನು ಉಗುರಿನಿಂದ ಗೀರಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೊನೆಗೆ ಮೂಸಿಯೂ ನೋಡಿದರು.

"ಈ ಸಲದ್ದಾ, ಹೋದ ವರ್ಷದ್ದಾ?"

"ಹೊಸದೇ ಅಮ್ಮಾ. ಈಗ ಪ್ಲಾಸ್ಟಿಕ್ಕಿನದು, ಉಬ್ಬೂದಿಲ್ಲ." ಅವರು ನಿಧಾನವಾಗಿ ವಿವರಿಸಿದರು. ನಂಬರು ಹೆಚ್ಚಾದಷ್ಟೂ ಒಳಗಿನ ಚರೆ ಸಣ್ಣದು. ಎಂಟು ಎಂದರೆ ಸಾಸಿವೆಗಿಂತ ತುಸು ದಪ್ಪ, ಚಿಕ್ಕ ಹಕ್ಕಿಗೆ. ನಾಲ್ಕು ಅದಕ್ಕಿಂತ ದೊಡ್ಡದು. ಎಲ್ಜಿಯಲ್ಲಿ ಕೆಲವೇ ಕೆಲವು, ದಪ್ಪ.

"ಇದರಲ್ಲಿ ಕಳ್ಳ ಸಾಯದೆ ಇರೂದು ಯಾವುದು?"

ಅಂಗಡಿಯವರು ನಕ್ಕಾರು ಎಂದುಕೊಂಡಿದ್ದೆ. ನಗಲಿಲ್ಲ. "ಅಂಥದ್ದು ಇಲ್ಲ ಅಮ್ಮಾ. ದೂರದಿಂದ ಹೊಡೆದ್ರೆ ಎಂಟು ನಂಬರು ಹರಡಿ ಹೋಗ್ತದೆ. ಕೋಣೆಯೊಳಗೆ ಹೊಡೆದ್ರೆ ಹರಡೂಕೆ ಜಾಗ ಎಲ್ಲಿ? ಮುದ್ದೆಯಾಗೇ ಹೋಗಿ ಬಡೀತದೆ. ಮನುಷ್ಯ ಉಳಿಯೂದು ಕಷ್ಟ, ನಂಬರು ಯಾವುದಾದ್ರೂ."

ಅತ್ತೆ ಕೈಯಲ್ಲಿದ್ದ ತೋಟೆಯನ್ನು ಮೇಜಿನ ಮೇಲೆ ಇಟ್ಟರು.

"ಮತ್ತೆ ಸಣ್ಣದು ದೊಡ್ಡದು ಎಂತಕ್ಕೆ ಕೇಳೂದು?"

"ಕಳ್ಳನ ಹಿಂದೆ ಯಾರಿದ್ದಾರೆ ಅಂತ ಕೇಳಬೇಕು. ನಿಮ್ಮ ಮನೆ ಗೋಡೆ ಎಂತದರದ್ದು?"

"ಹೊರಗಿನದು ಚಿರೆಕಲ್ಲು. ಒಳಗೆ ಹಲಗೆ."

"ಹಲಗೆಯ ಆಚೆ?"

ಅತ್ತೆ ನನ್ನ ಕಡೆ ನೋಡಿದರು. ಹಲಗೆಯ ಆಚೆ ನಮ್ಮ ಮಂಚ. "ಮಗ, ಸೊಸೆ" ಎಂದರು ಅತ್ತೆ.

"ಎಲ್ಜಿ ಹಲಗೆ ದಾಟಿ ಅವರವರೆಗೂ ಹೋಗ್ತದೆ. ಸಣ್ಣ ಚರೆ ಅಷ್ಟು ಹೋಗೂದಿಲ್ಲ, ಆದ್ರೂ ಹೋಗೂದೇ ಇಲ್ಲ ಅಂತ ನಾ ಹೇಳೂದಿಲ್ಲ."

ಎಂಟರದು ಒಂದಿಷ್ಟು, ನಾಲ್ಕರದು ಒಂದಿಷ್ಟು, ದೊಡ್ಡ ಮಾವನ ಬಾಯಿ ಮುಚ್ಚಿಸಲು ಎಲ್ಜಿ ಎರಡು. ಹಾಗೆ ತೆಗೆದುಕೊಂಡು ಹೊರಬಿದ್ದೆವು. ಅತ್ತೆ ಸಮುದ್ರದ ದಂಡೆಯವರೆಗೆ ನಡೆಯುವಾ ಎಂದರು. ದಂಡೆಯಲ್ಲಿ ಕೂತು, ಬಲೆ ಎಳೆಯುವವರನ್ನು ನೋಡುತ್ತ, "ನಿಮ್ಮ ಮಂಚ ಈಚೆ ಎಳೀಬೇಕು" ಎಂದರು. ನಾನು ಹೂಂ ಎಂದೆ. ಸೊಸೆಯ ಜೀವದ ಬಗ್ಗೆ ಅತ್ತೆ ಇಷ್ಟು ಯೋಚಿಸಿದ್ದನ್ನು ನಾನು ತವರಿಗೆ ಹೋಗಿ ಹೇಳಿದರೆ ಅಮ್ಮ ನಂಬುತ್ತಿರಲಿಲ್ಲ.

ಆ ಭಾನುವಾರ ಪರೀಕ್ಷೆ ಇಟ್ಟುಕೊಂಡರು. ಅತ್ತೆ ತಮ್ಮ ಹಾಸಿಗೆಯಿಂದ ಮುಂಬಾಗಿಲಿಗೆ ಹಗ್ಗ ಹಿಡಿದು ಅಳೆದು, ಅದೇ ಹಗ್ಗವನ್ನು ಗದ್ದೆಯಾಚೆಯ ದಿಬ್ಬಕ್ಕೆ ಒಯ್ದರು. ಮಣ್ಣಿನ ದಿಬ್ಬಕ್ಕೆ ಆನಿಸಿ ಕೊಟ್ಟಿಗೆಯ ಹಳೆಯ ಬಾಗಿಲೊಂದನ್ನು ನಿಲ್ಲಿಸಿದೆವು. ಅದರ ಮುಂದೆ ಹುಲ್ಲು ತುಂಬಿದ ಗೋಣಿಚೀಲ. ದೊಡ್ಡ ಮಾವ ಅದಕ್ಕೆ ಒಂದು ಹಳೆಯ ಟವೆಲ್ಲು ಸುತ್ತಿ ತಲೆ ಮಾಡಿದರು. ನನ್ನ ಗಂಡ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಯಾರು ಏನು ಕೇಳಿದರೂ "ಆಂ?" ಎನ್ನುತ್ತ ಬಹಳ ಹಿಂದೆ ನಿಂತರು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂಟು ನಂಬರು ತುಂಬಿ, ಈಡು ಹಾರಿಸಿದರು. ಸದ್ದು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಬೀಳದೆ ನಿಂತರು.

ಹತ್ತಿರ ಹೋಗಿ ನೋಡಿದೆವು. ಸಾಸಿವೆ ಚೆಲ್ಲಿದ ಹಾಗೆ ಅಲ್ಲಲ್ಲಿ ತೂತು ಬಿದ್ದಿರುತ್ತದೆ ಎಂದು ನಾನು ತಿಳಿದಿದ್ದೆ. ಚೀಲದ ನಡುವೆ ಕೈ ಹೋಗುವಷ್ಟು ದೊಡ್ಡ ಒಂದೇ ತೂತು. ಹುಲ್ಲು ಹಿಂದಿನಿಂದ ಹೊರಬಂದಿತ್ತು. ಬಾಗಿಲಿನ ಹಲಗೆ ಮಾತ್ರ ಸಿಬಿರೆದ್ದು ಹಾಗೇ ನಿಂತಿತ್ತು. ಆಮೇಲೆ ಎಲ್ಜಿ ಹಾರಿಸಿದಾಗ ಅದು ಚೀಲ ದಾಟಿ, ಹಲಗೆ ದಾಟಿ, ಹಿಂದಿನ ಮಣ್ಣಿಗೆ ಹೊಕ್ಕಿತು. ದೊಡ್ಡ ಮಾವ ಆ ಗುರುತುಗಳಿಗೆ ಬೆರಳು ಹಾಕಿ ನೋಡಿ, "ಕೆಲಸ ಅಂದ್ರೆ ಇದು" ಎಂದು ಎಲ್ಲರ ಮುಖ ನೋಡಿದರು.

ಅತ್ತೆ ಮೊದಲಿನ ತೂತಿನ ಮುಂದೆಯೇ ಕೂತಿದ್ದರು. ಹೊರಗೆ ಬಂದ ಹುಲ್ಲನ್ನು ಒಳಗೆ ತುರುಕಲು ನೋಡುತ್ತಿದ್ದರು. "ಹಕ್ಕಿದು ಅಂದ ಅಲ್ದಾ ಆ ಅಂಗಡಿಯವ?" ಎಂದು ನನ್ನನ್ನು ಕೇಳಿದರು. ನಾಲ್ಕನ್ನು ಹಾರಿಸಿ ನೋಡಲು ಅವರಿಗೆ ಮನಸ್ಸಾಗಲಿಲ್ಲ. ಬಂದೂಕಿನ ನಳಿಗೆ ಬಾಗಿಸಿ ಹೆಗಲ ಮೇಲೆ ಇಟ್ಟುಕೊಂಡು ಮನೆಗೆ ನಡೆದರು. ಮಧ್ಯಾಹ್ನ ಭುಜಕ್ಕೆ ಬಿಸಿ ಎಣ್ಣೆ ಹಚ್ಚುವಾಗ ನೋಡಿದರೆ ಹಲಸಿನ ಎಲೆಯಷ್ಟಗಲ ಕಪ್ಪಾಗಿತ್ತು.

ಅಲ್ಲಿಂದ ಮನೆಯಲ್ಲಿ ಎಂಟು ನಂಬರೇ ಎಂದು ಗಟ್ಟಿಯಾಯಿತು; ಅದೂ ತೋಟೆ ಒಂದು ಕಡೆ, ಬಂದೂಕು ಒಂದು ಕಡೆ, ಎರಡರ ಬೀಗದ ಕೈಯೂ ಅತ್ತೆಯ ಸೊಂಟದಲ್ಲಿ. ನಮ್ಮ ಮಂಚ ಮಾತ್ರ ಮೂರು ಸಲ ಜಾಗ ಬದಲಿಸಿತು. ಮೊದಲ ಸಲ ಅತ್ತೆ ತಮ್ಮ ಹಾಸಿಗೆಯಲ್ಲಿ ಎದ್ದು ಕೂತು ಕೈಯನ್ನೇ ಬಂದೂಕು ಮಾಡಿ ಗುರಿ ಹಿಡಿದು, "ಇಲ್ಲ, ಗುರಿಗೆ ಅವನ ಕಾಲು ಬರ್ತದೆ" ಎಂದರು. ಎರಡನೆಯ ಸಲ ತಲೆ ಬಂತು. ಮೂರನೆಯ ಸಲ ಯಾವುದೂ ಬರಲಿಲ್ಲ. ಆದರೆ ಬಟ್ಟೆಯ ಕಪಾಟಿನ ಬಾಗಿಲು ತೆಗೆಯಲು ಬರುತ್ತಿರಲಿಲ್ಲ. ಅರ್ಥಶಾಸ್ತ್ರದ ಉಪನ್ಯಾಸಕರು ಒಂದೇ ಜೊತೆ ಪ್ಯಾಂಟಿನಲ್ಲಿ ವಾರ ಕಳೆದರು.

ಇಷ್ಟೆಲ್ಲ ಆಗಿ ಮನೆ ಭದ್ರವಾಯಿತು ಎನ್ನುವಾಗ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಅತ್ತೆಗೆ ಇದು ಗೊತ್ತಿಲ್ಲದ್ದಲ್ಲ, ಮಾವನವರು ಪ್ರತಿ ಸಲ ಒಯ್ದು ಕೊಟ್ಟು ಬರುತ್ತಿದ್ದರು. ಆದರೆ ತಮ್ಮದನ್ನೂ ಕೇಳುತ್ತಾರೆ ಎಂದು ಅವರು ಎಣಿಸಿರಲಿಲ್ಲ.

"ನಾ ಯಾರಿಗೆ ಓಟು ಹಾಕ್ತೆ ಅಂತ ಹೇಳ್ತೆ, ಬಂದೂಕು ಬಿಡಿ ಅಂದ್ರೆ?" ಎಂದು ಮಗನನ್ನು ಕೇಳಿದರು.

"ಆಗುವುದಿಲ್ಲ ಅಮ್ಮ."

ಅಂಕೋಲೆಯ ಠಾಣೆಯ ಅಂಗಳದಲ್ಲಿ ಅಂದು ತಾಲೂಕಿನ ಬಂದೂಕುಗಳೆಲ್ಲ ಸೇರಿದ್ದವು. ಗೋಣಿಯಲ್ಲಿ ಸುತ್ತಿದ್ದು, ಹಳೆಯ ಪಂಚೆಯಲ್ಲಿ ಸುತ್ತಿದ್ದು, ಸೈಕಲ್ಲಿಗೆ ಕಟ್ಟಿದ್ದು. ಹೆಂಗಸೆಂದರೆ ಅತ್ತೆ ಒಬ್ಬರೇ. ಮುದುಕರು ಜಾಗ ಕೊಟ್ಟು ಕೂರಿಸಿಕೊಂಡು, ಸ್ವಲ್ಪ ಹೊತ್ತಿನಲ್ಲೇ ಯಾವ ನಂಬರು ಎಂದು ವಿಚಾರಿಸತೊಡಗಿದರು. ಅತ್ತೆ ಹಗ್ಗದ ಅಳತೆಯಿಂದ ಹಿಡಿದು ಎಲ್ಲ ಹೇಳಿದರು. ತೋಟೆಗಳ ಡಬ್ಬಿಯನ್ನೂ ಒಪ್ಪಿಸಿ, ರಸೀದಿ ಪಡೆದು ಹೊರಗೆ ಬಂದಾಗ ಅವರ ಮುಖದಲ್ಲಿ ಸಿಟ್ಟು ಇಳಿದಿತ್ತು. ಮೀನುಪೇಟೆಗೆ ಹೋಗಿ ಸಿಗಡಿ ಕೊಂಡೆವು.

ಮತದಾನಕ್ಕೆ ಕೆಲವೇ ದಿನ ಇದ್ದಾಗ ನನ್ನ ಗಂಡನಿಗೆ ಚುನಾವಣಾ ತರಬೇತಿಗೆಂದು ಕಾರವಾರಕ್ಕೆ ಬರಲು ಆದೇಶ ಬಂತು. ಅವರು ಹೋದ ದಿನ ಮಧ್ಯಾಹ್ನ ಉಂಡು, ನಾನೂ ಅತ್ತೆಯೂ ಒಳಗಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೆವು. ಸೆಕೆಗೆ ನಾಯಿ ನರಿಯೂ ಅಲುಗದ ಹೊತ್ತು. ಆ ವರ್ಷದ ಗೇರುಬೀಜ ಒಣಗಿಸಿ ಚೀಲ ತುಂಬಿ ಹಿಂದಿನ ಜಗಲಿಯಲ್ಲಿ ಇಟ್ಟಿದ್ದೆವು. ಅಲ್ಲಿಂದ ಗೋಣಿ ನೆಲಕ್ಕೆ ಉಜ್ಜುವ ಸದ್ದು ಬಂತು.

ನಾನು ಬೆಕ್ಕು ಎಂದುಕೊಂಡೆ. ಮತ್ತೆ ಬಂತು, ಬೆಕ್ಕು ಚೀಲ ಎಳೆಯುವುದಿಲ್ಲ. ಅತ್ತೆ ಎದ್ದು ಕೂತಿದ್ದರು. ತುಟಿಯ ಮೇಲೆ ಬೆರಳಿಟ್ಟು, ಸೊಂಟದ ಕೀಲಿ ಮುಟ್ಟಿ ನೋಡಿಕೊಂಡರು. ಬಂದೂಕು ಠಾಣೆಯಲ್ಲಿ ಇರುವುದು ಆಗ ನೆನಪಾಗಿರಬೇಕು. ಆಮೇಲೆ, ಸಂಜೆಗೆ ಎಂತ ಪಲ್ಯ ಎಂದು ಕೇಳುವ ದನಿಯಲ್ಲಿ, ಆದರೆ ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ, "ಮಗಾ, ಬಂದೂಕು ನಾ ಇಳಿಸಿದೆ. ಆ ತೋಟೆ ಡಬ್ಬಿ ತಾ ಕಾಂಬ" ಎಂದು ನನಗೆ ಹೇಳಿದರು.

"ಯಾವುದು ಬೇಕು ಅತ್ತೆ?" ಎಂದೆ.

"ಎಂಟು ನಂಬರು."

ಹೊರಗೆ ಸದ್ದು ನಿಂತಿತು.

"ಎಂಟು ಸಾಕಾ? ನಾಲ್ಕು ಹಾಕಿ" ಎಂದೆ. ಹಾಗೇಕೆ ಹೇಳಿದೆನೋ ನನಗೇ ತಿಳಿಯದು, ಮಾತು ಬೆಳೆಸಬೇಕಿತ್ತು. ಅತ್ತೆ ಮುಖ ತಿರುಗಿಸಿ ನನ್ನನ್ನು ನೋಡಿದರು.

"ನಾಲ್ಕು ಎಂತಕ್ಕೆ? ಜಗಲಿ ಎಷ್ಟು ದೂರ ಅದೆ?"

"ಓಡಿದ್ರೆ? ಗುಡ್ಡದವರೆಗೆ ಎಂಟು ಮುಟ್ಟೂದಿಲ್ಲ."

"ಓಡಿದವಗೆ ಎಂತಕ್ಕೆ ಹೊಡೀಬೇಕು? ಬೆನ್ನಿಗೆ ಹೊಡೆದ್ರೆ ನನ್ನನ್ನೇ ಒಯ್ತಾರೆ."

"ಹಾಗಾದ್ರೆ ಒಂದು ನಳಿಗೆಗೆ ಎಂಟು ಹಾಕಿ, ಇನ್ನೊಂದಕ್ಕೆ ಎಲ್ಜಿ."

"ಜಗಲಿ ಹಿಂದೆ ಎಮ್ಮೆ ಕಟ್ಟಿದ್ದು ನೆನಪದೆಯಾ ನಿಂಗೆ?" ಅತ್ತೆಯ ದನಿ ಈಗ ನಿಜವಾಗಿಯೇ ಏರಿತ್ತು. "ಅಂಗಡಿಯವ ಅಷ್ಟು ಹೇಳಿದ್ದು ಕೇಳಿಲ್ವಾ? ಹಿಂದೆ ಯಾರಿದ್ದಾರೆ ಅಂತ ಮೊದಲು ನೋಡೂದು. ಗಬ್ಬದ ಎಮ್ಮೆ ಅದು."

"ಎಮ್ಮೆ ಬೆಳಗ್ಗೆಯೇ ಗದ್ದೆಗೆ ಹೋಗಿದೆ ಅತ್ತೆ."

"ಯಾರು ಬಿಟ್ಟದ್ದು? ನಂಗೆ ಹೇಳಲೇ ಇಲ್ಲ."

ಎಮ್ಮೆಯನ್ನು ಬಿಟ್ಟದ್ದು ಯಾರು, ಹೇಳದೆ ಬಿಡಬಹುದೋ ಎಂಬಲ್ಲಿಗೆ ಮಾತು ಹೋಗಿ, ಅದು ಮುಗಿದ ಮೇಲೆಯೇ ನಮಗೆ ಕಳ್ಳನ ನೆನಪಾದದ್ದು. ಬಾಗಿಲು ಸಂದು ಮಾಡಿ ನೋಡಿದರೆ ಜಗಲಿಯಲ್ಲಿ ಯಾರೂ ಇರಲಿಲ್ಲ. ಒಂದು ಚೀಲ ಈಶಾಡ ಮಾವಿನ ಮರದ ಕೆಳಗೆ, ಬೇಲಿಗೆ ಒರಗಿ ಬಿದ್ದಿತ್ತು.

ಬೇಲಿಯ ಆಚೆಯಿಂದ ದೊಡ್ಡ ಮಾವನ ತಲೆ ಮೆಲ್ಲನೆ ಮೇಲೆ ಬಂತು. ಒಬ್ಬ ಓಡಿದ್ದು ಅವರಿಗೆ ಕಂಡಿತ್ತಂತೆ. ಮುಖಕ್ಕೆ ಟವೆಲ್ಲು ಸುತ್ತಿದ್ದನಂತೆ, ರಸ್ತೆಯಲ್ಲಿ ಬೈಕಿನ ಸದ್ದೂ ಕೇಳಿತಂತೆ.

"ಹಿಡಿಯೂದಲ್ವಾ ಭಾವಾ? ಅಲ್ಲೇ ಇದ್ದಿದ್ರಲ್ಲ" ಎಂದರು ಅತ್ತೆ.

"ಹೆಂಗೆ ಹಿಡಿಯೂದು? ನಿಮ್ಮ ಸೊಸೆ ಎಲ್ಜಿ ಅಂದ್ಳು. ನಾ ಬೇಲಿಯ ಬುಡದಲ್ಲಿ ಮಲಗಿದೆ." ಬಂದೂಕು ಠಾಣೆಯಲ್ಲಿರುವುದು ಅವರಿಗೂ ಮರೆತೇ ಹೋಗಿತ್ತು.

ಅವರು ಹೋದ ಮೇಲೆ ಅತ್ತೆ ಜಗಲಿಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ನಾನು ಪಕ್ಕದಲ್ಲಿ ಕೂತೆ. "ನಿಜವಾಗಿ ಕೈಯಲ್ಲಿ ಇದ್ದಿದ್ರೆ ನಾ ಎಂತ ಮಾಡ್ತಿದ್ದೆ ಮಗಾ?" ಎಂದರು. ಹುಲ್ಲಿನ ಚೀಲ ನನ್ನ ಕಣ್ಣ ಮುಂದೆ ಬಂತು. ಅವರ ಕಣ್ಣ ಮುಂದೆಯೂ ಅದೇ ಇದ್ದಿರಬೇಕು. ಇಬ್ಬರೂ ಸೇರಿ ಚೀಲವನ್ನು ಎಳೆದು ತಂದು ಒಳಗೆ ಇಟ್ಟೆವು.

ಊರಿಗೆಲ್ಲ ಸುದ್ದಿ ಹೇಳಿದ್ದು ದೊಡ್ಡ ಮಾವ. ಅವರ ಕಥೆಯಲ್ಲಿ ಅತ್ತೆ ಎರಡೂ ನಳಿಗೆಗೆ ಎಲ್ಜಿ ತುಂಬಿದ್ದರು. ಎಂಟರ ಮಾತೇ ಇರಲಿಲ್ಲ. ಹಕ್ಕಿಯ ತೋಟೆ ಎಂದು ಹೇಳಲು ಅವರಿಗೆ ನಾಚಿಕೆಯಾಗುತ್ತಿತ್ತು. ಹಾಗಾಗಿ ಅಗಸೂರಿನಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆಯಲ್ಲಿರುವುದು ಎಲ್ಜಿ.

ಚುನಾವಣೆ ಮುಗಿದು ಗೇರುಬೀಜ ಕೊಳ್ಳುವವನು ಬಂದ. ಮನೆಮನೆಗೆ ಬೈಕಿನಲ್ಲಿ ತಿರುಗಿ ಬೀಜ ತೂಗಿ ಒಯ್ಯುವ ವ್ಯಾಪಾರಿ. ಇಸ್ತ್ರಿ ಮಾಡಿದ ಅಂಗಿ, ಮಾತಿನಲ್ಲಿ ಬೆಣ್ಣೆ. ಚಹಾ ಕುಡಿಯುತ್ತ ಕಳ್ಳನ ಸುದ್ದಿ ಕೇಳಿ ಬೇಸರಪಟ್ಟ. ಹೆಂಗಸರಿಬ್ಬರೇ ಇದ್ದೂ ಹೆದರಲಿಲ್ಲವಲ್ಲ ಎಂದು ಹೊಗಳಿದ. ಆಮೇಲೆ, "ಊರವರು ಸುಳ್ಳೇ ಎಲ್ಜಿ ಎಲ್ಜಿ ಅಂತಾರೆ. ನೀವು ಕೇಳಿದ್ದು ಎಂ..." ಎನ್ನುವಷ್ಟರಲ್ಲಿ ಅವನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು.

ನಾನು ಅತ್ತೆಯ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಅವನ ಕೆಮ್ಮು ನಿಲ್ಲುವವರೆಗೆ ಕಾದು, ಲೋಟಕ್ಕೆ ಇನ್ನಷ್ಟು ಚಹಾ ಹಾಕಿ, "ಎಂಟು. ಹೌದು" ಎಂದರು. "ಕುಡಿ. ಆಮೇಲೆ ತಕ್ಕಡಿ ಸರಿಯಾಗಿ ಹಿಡಿ."

ಅವನು ಅಷ್ಟು ನೇರವಾಗಿ ತಕ್ಕಡಿ ಹಿಡಿದದ್ದನ್ನು ನಾನು ಆ ಮನೆಗೆ ಬಂದಂದಿನಿಂದ ನೋಡಿರಲಿಲ್ಲ. ಮುಳ್ಳು ನಡುವೆ ನಿಂತು ಅಲುಗಲಿಲ್ಲ. ಸಂಜೆ ವಿಷಯ ಕೇಳಿದ ನನ್ನ ಗಂಡ ದೂರು ಕೊಡಬೇಕು ಎಂದರು. ಅತ್ತೆ ಒಪ್ಪಲಿಲ್ಲ. "ಚೀಲ ನಮ್ಮ ಮನೆಲೇ ಉಳೀತು. ಅವನಿಗೆ ಎಳೆಯ ಮಕ್ಕಳಿದ್ದಾರೆ. ನಮಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಯ್ತು, ಅಷ್ಟು ಸಾಕು." ಅವರ ಲೆಕ್ಕ ಸರಿಯೋ ತಪ್ಪೋ ಎಂದು ನಾವು ಬಹಳ ದಿನ ಜಗಳಾಡಿದೆವು. ಮರುವರ್ಷ ಬೀಜ ಕೊಳ್ಳಲು ಬೇರೆ ಯಾರೋ ಬಂದರು.

ಫಲಿತಾಂಶ ಬಂದ ಮೇಲೆ ಬಂದೂಕೂ ಬಂತು. ಆದರೆ ಅತ್ತೆಗೆ ಅದರ ಮೇಲಿನ ಭರವಸೆ ಸ್ವಲ್ಪ ಕಡಿಮೆಯಾಗಿತ್ತು. ಸರ್ಕಾರ ಕರೆದಾಗ ಎದ್ದುಹೋಗುವ ಕಾವಲುಗಾರನನ್ನು ನಂಬುವುದು ಹೇಗೆ ಎಂದು ಒಂದು ನಾಯಿ ಸಾಕುವುದೆಂದಾಯಿತು. ನಾನು ತವರಿಗೆ ಹೋದಾಗ ದೇವಬಾಗದಿಂದ ಕಂದುಬಣ್ಣದ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ತಂದೆ. ಮೀನಿನ ತಲೆ ತಿಂದು ಬೆಳೆಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿಯ ಹತ್ತಿರ ಎಲೆ ಬಿದ್ದರೂ ಬೊಗಳುವಷ್ಟು ಹುಷಾರಾಯಿತು. ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಭತ್ತ ಹಣ್ಣಾದಾಗ ಗದ್ದೆಯ ಅಂಚಿಗೆ ಹಂದಿಗಳು ಇಳಿದವು. ಮುಸ್ಸಂಜೆ ಅತ್ತೆ ಅಂಗಳದಲ್ಲಿ ನಿಂತು, ಹೆದರಿಸಲೆಂದು ಎಂಟು ನಂಬರಿನ ಒಂದು ಈಡನ್ನು ಆಕಾಶಕ್ಕೆ ಹಾರಿಸಿದರು. ಹಂದಿಗಳು ಗುಡ್ಡಕ್ಕೆ ಓಡಿದವು. ನಾಯಿ ಬೇಲಿ ಹಾರಿ ದೊಡ್ಡ ಮಾವನ ಮನೆಯ ಮಂಚದ ಕೆಳಗೆ ಹೊಕ್ಕಿತು. ಮರುದಿನ ಕರೆದರೆ ಬರಲಿಲ್ಲ. ಎತ್ತಿಕೊಂಡು ಬಂದರೆ, ಗೋಡೆಯ ಮೇಲಿನ ಬಂದೂಕು ನೋಡಿ ಮತ್ತೆ ಓಡಿತು. ದೊಡ್ಡ ಮಾವನಿಗೆ ಒಳಗೊಳಗೇ ಖುಷಿ. "ನಾಯಿಗೂ ಗೊತ್ತದೆ ಎಲ್ಲಿ ಇರಬೇಕು ಅಂತ" ಎಂದರು. ಅತ್ತೆ ದಿನಾ ನಾವು ಉಂಡೆದ್ದ ಮೇಲೆ ಬಂಗಡೆಯ ತಲೆ ಹಾಕಿ ಅನ್ನ ಕಲಸಿಕೊಂಡು, ಬೇಲಿಯ ಸಂದಿನಲ್ಲಿ ಬಗ್ಗಿ ಆಚೆ ದಾಟಿ, ದೊಡ್ಡ ಮಾವನ ಅಂಗಳದಲ್ಲಿ ಕೂತು ಅದಕ್ಕೆ ಉಣ್ಣಿಸಿ ಬರುತ್ತಿದ್ದರು.